ಗುಣಿಯ ಆಳವನ್ನು ನಿಶ್ಚಯಿಸತಕ್ಕವರು ಯಾರು?

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಎಜಿ.)

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ತೆಂಗು, ಅಡಿಕೆ, ಮಾವು ಮೊದಲಾದ ತೋಟಗಳನ್ನು ಹೊಸದಾಗಿ ಹಾಕತಕ್ಕವರೂ, ಹೊಲದ ಸುತ್ತ ಕಲ್ಲುಕಂಬ ನೆಟ್ಟು ತಂತಿಬೇಲಿ ಕಟ್ಟತಕ್ಕವರೂ ಹಾರೆ ಗುದ್ದಲಿಗಳಿಂದ ಗುಣಿ ತೆಗೆಯಿಸುವುದು ದಿನೇ ದಿನೇ ಕಡಮೆಯಾಗುತ್ತ ಬಂದಿದೆ. ಟ್ರ್ಯಾಕ್ಟರಿನ ಹಿಂಭಾಗಕ್ಕೆ ಬಡಗಿಯ ಬೈರಿಗೆಯನ್ನು ಹೋಲುವ ದೊಡ್ಡ ತಿರುಪೊಂದನ್ನು ಜೋಡಿಸಿ ನೆಲವನ್ನು ಕೊರೆಯುವ ಯಂತ್ರವು ಈಗ ಬಾಡಿಗೆಗೆ ದೊರೆಯುತ್ತದೆ. ಇಬ್ಬರು ಆಳುಗಳು ದಿನವೆಲ್ಲ ಬೆವರಿಳಿಸಿ ತೆಗೆಯುತ್ತಿದ್ದ ಗುಣಿಗಳನ್ನು ಇದು ಹೊತ್ತು ಏರುವುದರೊಳಗೆ ಮುಗಿಸುತ್ತದೆ. ಹಳ್ಳಿಯ ಯುವಕರು ಮೈಸೂರಿಗೂ ಬೆಂಗಳೂರಿಗೂ ದುಡಿಮೆಗೆ ಹೋಗುತ್ತಿರುವ ಈ ಕಾಲದಲ್ಲಿ ಇಂತಹ ಯಂತ್ರವನ್ನು ಬೇಡವೆನ್ನುವುದು ವಿವೇಕವಲ್ಲ. ನಾನು ಬೇಡವೆನ್ನುವವನೂ ಅಲ್ಲ. ನನ್ನ ಆಕ್ಷೇಪಣೆಯಿರುವುದು ಒಂದೇ ವಿಷಯದಲ್ಲಿ. ಗುಣಿಯು ಎಲ್ಲಿ ಬೀಳಬೇಕೆಂಬುದನ್ನು ಜಮೀನಿನ ಯಜಮಾನರು ಹಗ್ಗ ಹಿಡಿದು ಗೂಟ ಹೊಡೆದು ತಾವೇ ನಿಶ್ಚಯಿಸುತ್ತಾರೆ. ಅದು ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಮಾತ್ರ ಟ್ರ್ಯಾಕ್ಟರ್ ನಡೆಸುವವನಿಗೆ ಬಿಟ್ಟು ಹೊಂಗೆಯ ನೆರಳಿಗೆ ಹೋಗಿ ಕುಳಿತುಬಿಡುತ್ತಾರೆ.

ರಾಗಿಯ ಬಿತ್ತನೆಯಲ್ಲಿ ತಪ್ಪಾದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ತೆಂಗಿನ ಮಾತು ಹಾಗಲ್ಲ. ನಮ್ಮ ಎತ್ತರದ ಜಾತಿಯ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಕೊಡಲು ತೊಡಗಿದ ಮೇಲೆ ಅರವತ್ತು ವರ್ಷಕ್ಕೂ ಮೀರಿ ನಿಲ್ಲುವುದುಂಟು. ಗುಣಿಯಲ್ಲಿ ಆದ ತಪ್ಪು ಮಣ್ಣಿನಡಿ ಮುಚ್ಚಿಹೋಗುವುದರಿಂದ ಅದನ್ನು ಕಂಡು ಹಿಡಿಯುವ ಹೊತ್ತಿಗೆ ಯಜಮಾನರ ಮಗನೇ ತೋಟ ನೋಡಿಕೊಳ್ಳುವವನಾಗಿರುತ್ತಾನೆ. ಮರವೇಕೆ ಸೊರಗಿತೆಂದು ಆತನು ಗೊಬ್ಬರವನ್ನು ದೂರುವನು, ನೀರನ್ನು ದೂರುವನು, ಸಸಿ ಮಾರಿದವರನ್ನು ದೂರುವನು. ಗುಣಿಯನ್ನು ಯಾರೂ ನೆನೆಯುವುದಿಲ್ಲ.

ಆಳವು ಕಡಮೆಯಾದರೆ ಆಗುವ ಕೇಡು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ತೆಂಗಿಗೆ ಉದ್ದ, ಅಗಲ, ಆಳ ಒಂದೊಂದು ಮೀಟರಿನಷ್ಟು, ಎಂದರೆ ಮೂರಡಿಗೆ ಸ್ವಲ್ಪ ಮೇಲಾಗಿ ಗುಣಿ ತೆಗೆಯಬೇಕೆಂದು ಸಾಮಾನ್ಯ ಶಿಫಾರಸು. ಈ ಗುಣಿಯಲ್ಲಿ ಸುಮಾರು ಎರಡಡಿಯಷ್ಟು ಮೇಲುಮಣ್ಣನ್ನೂ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ತುಂಬಿ, ಉಳಿದ ಒಂದಡಿಗೂ ಮಿಕ್ಕ ತಗ್ಗಿನಲ್ಲಿ ಸಸಿಯನ್ನು ನೆಟ್ಟು, ಅದು ಬೊಡ್ಡೆ ಕಟ್ಟುತ್ತ ಬಂದಂತೆಲ್ಲ ವರ್ಷ ವರ್ಷವೂ ಮಣ್ಣು ಏರಿಸುತ್ತ ಹೋಗುವುದು ಕ್ರಮ. ತುಂಬುವ ಆಳುಗಳು ಮಂಕರಿಯ ಲೆಕ್ಕದಲ್ಲಿ ತುಂಬುತ್ತಾರೆಯೇ ಹೊರತು ಅಂಗುಲದ ಲೆಕ್ಕದಲ್ಲಲ್ಲ. ಗುಣಿಯು 36 ಅಂಗುಲವಿರಲಿ, 26 ಅಂಗುಲವಿರಲಿ, ಬೀಳುವ ಮಂಕರಿಗಳು ಅಷ್ಟೇ. ಆದಕಾರಣ ಕೊರತೆಯಾದ ಹತ್ತು ಅಂಗುಲವೂ ಸಸಿಯ ಪಾಲಿನಿಂದಲೇ ಹೋಗಿ, ಸಸಿಯು ಹೊಲದ ಮಟ್ಟಕ್ಕೆ ಬಂದು ಕೂರುತ್ತದೆ. ಮುಂದೆ ಅದರ ಬೊಡ್ಡೆಯು ನೆಲದ ಮೇಲೆ ಎದ್ದು, ಬೊಡ್ಡೆಯಿಂದ ಹೊರಡುವ ಬೇರುಗಳು ಮಣ್ಣು ಸಿಕ್ಕದೆ ಗಾಳಿಯಲ್ಲಿ ಒಣಗುತ್ತವೆ. ಮರಕ್ಕೆ ಹಿಡಿತ ತಪ್ಪುತ್ತದೆ. ನಾಗಮಂಗಲದ ಬಯಲಿನಲ್ಲಿ ಬೀಸುವ ಗಾಳಿಗೆ ಓರೆಯಾಗಿ ನಿಂತಿರುವ ಮರಗಳ ಬುಡವನ್ನು ಒಮ್ಮೆ ನೋಡಿದವರಿಗೆ ಇದರಲ್ಲಿ ಸಂಶಯವಿರಲಾರದು.

ಹಾಗೆಂದು ಆಳವಾದಷ್ಟೂ ಒಳ್ಳೆಯದೆಂದು ತಿಳಿಯತಕ್ಕದ್ದಲ್ಲ. ನಾಲ್ಕು ತಾಲ್ಲೂಕುಗಳಿಗೂ ಒಂದೇ ಅಳತೆ ಹೊಂದುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ವಿರಿಜಾ ನಾಲೆ, ಚಿಕ್ಕದೇವರಾಯಸಾಗರ ನಾಲೆ ಮೊದಲಾದ ಹಳೆಯ ನಾಲೆಗಳ ಅಡಿಯಲ್ಲಿಯೂ, ಪಾಂಡವಪುರದಲ್ಲಿ ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ (ಹಿಂದೆ ಇದನ್ನು ಇರ್ವಿನ್ ನಾಲೆಯೆಂದು ಕರೆಯುತ್ತಿದ್ದರು) ಅಡಿಯಲ್ಲಿಯೂ, ತಗ್ಗಿನ ಗದ್ದೆಗಳ ಅಂಚಿನಲ್ಲಿ ನೀರು ನೆಲದೊಳಗೆ ಬಹಳ ಮೇಲೆಯೇ ನಿಂತಿರುತ್ತದೆ. ಬೇಸಗೆಯಲ್ಲಿ ಒಣಗಿ ಗಟ್ಟಿಯಾಗಿ ಕಂಡ ಗುಣಿಯು ನಾಲೆಗೆ ನೀರು ಬಿಟ್ಟ ಕೆಲವೇ ದಿವಸಗಳಲ್ಲಿ ಬಾವಿಯಾಗುವುದನ್ನು ನಾನು ಕಂಡಿದ್ದೇನೆ. ಅಂತಹ ಜಾಗದಲ್ಲಿ ಮೂರಡಿ ಕೊರೆದರೆ ಸಸಿಗೆ ಹಾಸಿಗೆ ಹಾಸಿದಂತಾಗದೆ ಕೊಳೆಯುವ ತೊಟ್ಟಿಯನ್ನು ಕಟ್ಟಿಕೊಟ್ಟಂತಾಗುತ್ತದೆ. ಅಲ್ಲಿ ಒಂದೂವರೆ ಎರಡಡಿಗೇ ನಿಲ್ಲಿಸಿ, ಅತಿ ಜೌಗಿದ್ದರೆ ದಿಬ್ಬ ಕಟ್ಟಿ ಅದರ ಮೇಲೆ ನೆಡುವುದೇ ಸರಿ. ಅಡಿಕೆಯ ವಿಷಯದಲ್ಲಿಯೂ ಹಗುರವಾದ ಮಣ್ಣಿಗೆ ಮೂರಡಿಯ ಗುಣಿಯನ್ನೂ ಜಿಗುಟು ಮಣ್ಣಿಗೆ ಎರಡಡಿಯದನ್ನೂ ಹೇಳುವುದು ಇದೇ ಕಾರಣದಿಂದ.

ನಾಗಮಂಗಲದ ಕೆಂಪು ಮರಳುಮಿಶ್ರ ನೆಲದಲ್ಲಿಯೂ, ಮೇಲುಕೋಟೆಯ ಬೆಟ್ಟದ ತಪ್ಪಲಿನಲ್ಲಿಯೂ ಸ್ಥಿತಿ ಇದಕ್ಕೆ ವಿಪರೀತ. ಅಲ್ಲಿ ನೀರು ನಿಲ್ಲುವ ಭಯವಿಲ್ಲ. ಬೇರಿಗೆ ತೇವ ಸಿಕ್ಕದ ಭಯವುಂಟು. ಆಳದ ಗುಣಿ ತೆಗೆದು ತಳದಲ್ಲಿ ತೆಂಗಿನ ಮೊಟ್ಟೆಗಳನ್ನು ಒಳಮೈ ಮೇಲಾಗಿ ಎರಡು ಪದರ ಹಾಸಿ ಮಣ್ಣು ತುಂಬಿದರೆ ಬೇಸಗೆಯಲ್ಲಿ ಅದೇ ತೇವದ ಉಗ್ರಾಣವಾಗುತ್ತದೆ. ಆದರೆ ಒಂದೂವರೆ ಅಡಿಯ ಕೆಳಗೇ ಮೊರಂಬಿನ ಪದರ ಬಂದರೆ ಯಂತ್ರವು ಅಲ್ಲಿಯೇ ಸುತ್ತುತ್ತ ನಿಲ್ಲುತ್ತದೆ. ಕೃಷ್ಣರಾಜಪೇಟೆಯಲ್ಲಿ ಈ ಎರಡು ಬಗೆಯ ನೆಲವೂ ಉಂಟು: ಮಂದಗೆರೆಯ ಅಣೆಕಟ್ಟೆಯಿಂದ ಹೊರಡುವ ಹೇಮಾವತಿಯ ನಾಲೆಗಳ ಕೆಳಗೆ ಒಂದು ಬಗೆ, ಮೇಲಿನ ದಿನ್ನೆಗಳಲ್ಲಿ ಇನ್ನೊಂದು ಬಗೆ. ಒಬ್ಬನೇ ಯಜಮಾನನ ಒಂದೇ ಹೊಲದಲ್ಲಿ ಎರಡೂ ಇರುವುದು ಅಪರೂಪವಲ್ಲ. ಯಂತ್ರ ತರುವ ಕೆಲವು ದಿನ ಮೊದಲು ಹೊಲದ ಎತ್ತರ, ನಡು, ತಗ್ಗುಗಳಲ್ಲಿ ಒಂದೊಂದು ಗುಣಿಯನ್ನು ಕೈಯಿಂದ ತೆಗೆಯಿಸಿ, ಸಾಧ್ಯವಾದರೆ ನಾಲೆಯಲ್ಲಿ ನೀರು ಹರಿಯುವ ಕಾಲದಲ್ಲಿಯೇ ತೆಗೆಯಿಸಿ, ಒಂದು ರಾತ್ರಿ ಬಿಟ್ಟು ನೋಡಿದರೆ ಎಲ್ಲಿಗೆ ಎಷ್ಟು ಆಳವೆಂಬುದು ತಾನೇ ತಿಳಿಯುತ್ತದೆ. ಈ ನಿಶ್ಚಯವನ್ನು ಹೊಲದ ಮಣ್ಣನ್ನು ಬಲ್ಲ ಯಜಮಾನರಲ್ಲದೆ ಹೊರಗಿನಿಂದ ಬಂದ ಚಾಲಕನು ಹೇಗೆ ಮಾಡಿಯಾನು?

ನಿಶ್ಚಯ ಮಾಡಿದ ಆಳವನ್ನು ಯಂತ್ರದಿಂದ ಹೊರಡಿಸುವುದು ಬೇರೊಂದು ವಿದ್ಯೆ. ಇದರಲ್ಲಿ ನಾನೇ ಮೋಸಹೋದ ಪ್ರಸಂಗವನ್ನು ಮರೆಮಾಚದೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕಬ್ಬು ಕಡಿದು ಖಾಲಿಯಾಗಿದ್ದ ಹೊಲದಲ್ಲಿ, ಹತ್ತಾರು ರೈತರ ಎದುರಿಗೆ ಈ ಯಂತ್ರದ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿದ್ದೆನು. ಹೈಡ್ರಾಲಿಕ್ ಲಿವರಿನ ಗಾಡಿಯಲ್ಲಿ ತಡೆಯೊಂದನ್ನು ಬಿಗಿದು, ಇನ್ನು ಎಲ್ಲ ಗುಣಿಗಳೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಮೂರಡಿ ಬೀಳುತ್ತವೆಂದು ಬಹಳ ಧೈರ್ಯದಿಂದ ಹೇಳಿದೆನು. ಗುಣಿಗಳೇನೋ ಬಿದ್ದವು. ಸಭೆ ಮುಗಿಯುವ ಹೊತ್ತಿಗೆ ಕೂಲಿಗೆ ಬಂದಿದ್ದ ವಯಸ್ಸಾದ ಹೆಂಗಸೊಬ್ಬಳು ತನ್ನ ಗುದ್ದಲಿಯ ಕಾವನ್ನು ಒಂದೊಂದು ಗುಣಿಗೂ ಇಳಿಬಿಟ್ಟು ನೋಡುತ್ತ ಬಂದು, “ಸ್ವಾಮಿ, ಇದು ಮುಳುಗ್ತದೆ, ಇದು ಮುಳುಗಾಕಿಲ್ಲ” ಎಂದಳು. ಅಳೆದು ನೋಡಲಾಗಿ ಆಕೆಯ ಮಾತೇ ದಿಟವಾಗಿತ್ತು. ಒಂದು ಗುಣಿಗೂ ಇನ್ನೊಂದಕ್ಕೂ ಗೇಣುದ್ದ ವ್ಯತ್ಯಾಸವಿದ್ದ ಕಡೆಯೂ ಉಂಟು. ಆ ದಿವಸ ನನಗಾದ ನಾಚಿಕೆಯೇ ಈ ಲೇಖನಕ್ಕೆ ಮೂಲವೆಂದರೂ ಸಲ್ಲುತ್ತದೆ.

ತಪ್ಪು ಎಲ್ಲಿತ್ತೆಂದು ಆಮೇಲೆ ವಿಚಾರಮಾಡಿದೆನು. ಉಪಕರಣವನ್ನು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೆ ಜೋಡಿಸಿ ಹೈಡ್ರಾಲಿಕ್ ಬಲದಿಂದ ಎತ್ತಿಳಿಸುವ ಏರ್ಪಾಡು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಎಂಬ ಎಂಜಿನಿಯರದು. 1939ರಲ್ಲಿ ಅಮೆರಿಕದ ಫೋರ್ಡ್ ಟ್ರ್ಯಾಕ್ಟರಿನೊಡನೆ ಅದು ವಿಶೇಷವಾಗಿ ಪ್ರಚಾರಕ್ಕೆ ಬಂದಿತು. (ನಮ್ಮ ಮಂಡ್ಯ ಜಿಲ್ಲೆಯು ಮೈಸೂರು ಜಿಲ್ಲೆಯಿಂದ ಬೇರೆಯಾದದ್ದೂ ಅದೇ 1939ರಲ್ಲಿಯೇ.) ಆ ಏರ್ಪಾಡು ಮುಖ್ಯವಾಗಿ ನೇಗಿಲಿನ ಸಲುವಾಗಿ ಹುಟ್ಟಿದ್ದು, ಬೈರಿಗೆಯ ಸಲುವಾಗಿ ಅಲ್ಲ. ಈಗಿನ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಎರಡು ಹತೋಟಿಗಳಿರುತ್ತವೆ. ಒಂದು ನೆಲದ ಎಳೆತಕ್ಕೆ ತಕ್ಕಂತೆ ನೇಗಿಲನ್ನು ತಾನೇ ಏರಿಸಿ ಇಳಿಸತಕ್ಕದ್ದು. ಗುಣಿ ಕೊರೆಯುವಾಗ ಅದಕ್ಕೆ ಕೆಲಸವಿಲ್ಲ. ಇನ್ನೊಂದು ಎತ್ತುವ ತೋಳುಗಳನ್ನು ಲಿವರ್ ಹೇಳಿದ ಎತ್ತರದಲ್ಲಿ ನಿಲ್ಲಿಸತಕ್ಕದ್ದು. ನಮಗೆ ಬೇಕಾದದ್ದು ಇದು. ಆದರೆ ಈ ಎರಡನೆಯದೂ ಬಲ್ಲದ್ದು ಟ್ರ್ಯಾಕ್ಟರಿಗೂ ತೋಳಿಗೂ ಇರುವ ದೂರವನ್ನು ಮಾತ್ರ. ನೆಲದ ಮಟ್ಟವನ್ನು ಅದು ಅರಿಯದು. ಕಬ್ಬಿನ ದಿಂಡಿನ ಮೇಲೆ ಹಿಂದಿನ ಚಕ್ರಗಳು ನಿಂತರೆ ಬೈರಿಗೆ ಅಷ್ಟು ಮೇಲೆ ನಿಲ್ಲುತ್ತದೆ, ಸಾಲಿನಲ್ಲಿ ಇಳಿದರೆ ಅಷ್ಟು ಕೆಳಕ್ಕೆ ಹೋಗುತ್ತದೆ. ನನ್ನ ತಡೆಯು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಹೊಲವನ್ನು ಮಟ್ಟಮಾಡದೆ ಅದನ್ನು ನಂಬಿದ್ದು ನನ್ನ ದೋಷ.

ಇದಕ್ಕೂ ಮುಖ್ಯವಾದ ಮತ್ತೊಂದು ಸಂಗತಿಯನ್ನು ಚಾಲಕರಲ್ಲಿಯೇ ಎಷ್ಟೋ ಜನ ಗಮನಿಸಿಲ್ಲ. ಸಾಮಾನ್ಯ ಟ್ರ್ಯಾಕ್ಟರಿನ ಹೈಡ್ರಾಲಿಕ್ ಬಲವು ಎತ್ತಬಲ್ಲುದೇ ಹೊರತು ಕೆಳಕ್ಕೆ ಅದುಮಲಾರದು. ಬೈರಿಗೆಯು ನೆಲಕ್ಕೆ ಇಳಿಯುವುದು ತನ್ನ ಭಾರದಿಂದ ಮತ್ತು ತಿರುಪು ಮಣ್ಣನ್ನು ಕಚ್ಚುವ ಶಕ್ತಿಯಿಂದ. ಲಿವರನ್ನು ಪೂರಾ ಕೆಳಗಿಳಿಸಿದ ಮಾತ್ರಕ್ಕೆ ಬೈರಿಗೆ ತಳ ಮುಟ್ಟಿತೆಂದು ಅರ್ಥವಲ್ಲ. ಗಟ್ಟಿ ಮೊರಂಬಿನ ಮೇಲೆ ಅದು ಕರಕರನೆ ಸುತ್ತುತ್ತಿರುವಾಗ ಲಿವರನ್ನು ನೋಡಿದವನಿಗೆ ಮೂರಡಿ, ಗುಣಿಯನ್ನು ನೋಡಿದವನಿಗೆ ಎರಡಡಿ. ಇದರ ವಿರುದ್ಧವಾದ ಅಪಾಯವೂ ಉಂಟು. ಹದವಾದ ಮೆದುಮಣ್ಣಿನಲ್ಲಿ ಒಂದೇ ಸಲಕ್ಕೆ ಬಿಟ್ಟುಕೊಟ್ಟರೆ ತಿರುಪು ಬಿರಡೆಗೆ ಇಳಿದ ಹಾಗೆ ಇಳಿದು ಸಿಕ್ಕಿಕೊಂಡುಬಿಡುತ್ತದೆ. ಆಗ ಎತ್ತಿದರೆ ಬಾರದು, ಶಿಯರ್ ಬೋಲ್ಟ್ ಮುರಿಯುತ್ತದೆ ಅಥವಾ ಎಂಜಿನ್ ನಿಲ್ಲುತ್ತದೆ. ಎಂಜಿನನ್ನು ಪೂರ್ತಿಯಾಗಿ ನಿಲ್ಲಿಸಿ ಬೈರಿಗೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬಿಡಿಸಬೇಕಾಗುತ್ತದೆ. ಆದ್ದರಿಂದ ಆರರಿಂದ ಒಂಬತ್ತು ಅಂಗುಲಗಳಷ್ಟು ಕೊರೆದು, ಎತ್ತಿ, ಮಣ್ಣನ್ನು ಚೆಲ್ಲಿಸಿ, ಮತ್ತೆ ಇಳಿಸುತ್ತ ಮೂರು ನಾಲ್ಕು ಸಲಕ್ಕೆ ಗುಣಿಯನ್ನು ಮುಗಿಸುವುದು ಬಲ್ಲವರ ರೀತಿ. ಹೀಗೆ ಮಾಡುವ ಚಾಲಕನು ನಿಧಾನಗಾರನೆಂದು ಯಜಮಾನರು ಬೇಸರಪಡಬಾರದು.

ಆಳವನ್ನು ತಿಳಿಯಲು ಇರುವ ಉಪಾಯಗಳಲ್ಲಿ ಅತ್ಯಂತ ಅಗ್ಗವಾದದ್ದೇ ಅತ್ಯಂತ ನಂಬಿಕೆಯದು. ಬೈರಿಗೆಯ ಮೊನೆಯಿಂದ ಅಳೆದು ಬೇಕಾದ ಎತ್ತರದಲ್ಲಿ ಅದರ ದಂಡಕ್ಕೆ ಬಿಳಿಯ ಬಣ್ಣದಿಂದ ಒಂದು ಪಟ್ಟೆ ಎಳೆಯಿಸಬೇಕು. ಪಟ್ಟೆಯು ನೆಲದ ಮಟ್ಟಕ್ಕೆ ಬಂದಾಗ ನಿಲ್ಲಿಸಬೇಕೆಂಬುದು ಚಾಲಕನಿಗೆ ಹಿಂತಿರುಗಿ ನೋಡಿದರೆ ಕಾಣುತ್ತದೆ. ಆದರೆ ಇಲ್ಲಿಯೂ ಒಂದು ಮೋಸವಿದೆ. ಕೊರೆದು ಹೊರಬಂದ ಮಣ್ಣು ಗುಣಿಯ ಬಾಯಿಯ ಸುತ್ತ ಬಳೆಯಂತೆ ನಾಲ್ಕಾರು ಅಂಗುಲ ಎತ್ತರಕ್ಕೆ ಕೂಡಿಕೊಳ್ಳುತ್ತದೆ. ಪಟ್ಟೆಯು ಈ ಮಣ್ಣಿನ ಬಳೆಗೆ ತಾಗಿದಾಗಲೇ ಆಳ ಬಂತೆಂದು ನಿಲ್ಲಿಸಿಬಿಡುವುದು ವಾಡಿಕೆ. ಅಳೆಯುವಾಗಲೂ ಹೀಗೆಯೇ. ಕೋಲನ್ನು ಮಣ್ಣಿನ ಗುಡ್ಡೆಯ ತುದಿಯಿಂದ ಅಳೆದರೆ ಕೂಲಿ ಕೊಡುವವರಿಗೆ ಅರ್ಧ ಅಡಿ ನಷ್ಟ. ಬಾಯಿಯ ಸುತ್ತಲಿನ ಮಣ್ಣನ್ನು ಒಂದು ಕಡೆ ಸರಿಸಿ, ಮೂಲ ನೆಲದ ಮೇಲೆ ನೆಟ್ಟಗಿನ ರೀಪೊಂದನ್ನು ಅಡ್ಡಲಾಗಿ ಇಟ್ಟು, ಅದರ ಕೆಳಮೈಯಿಂದ ತಳಕ್ಕೆ ಅಳೆಯಬೇಕು. ಇಳಿಜಾರಾದ ಹೊಲದಲ್ಲಿ ತಗ್ಗಿನ ಕಡೆಯ ಅಂಚಿನಿಂದ ಅಳೆಯುವುದು ನ್ಯಾಯ.

ತಳದಲ್ಲಿ ಯಾವಾಗಲೂ ನಾಲ್ಕಾರು ಅಂಗುಲ ಸಡಿಲ ಮಣ್ಣು ಉಳಿದಿರುತ್ತದೆ. ಬೈರಿಗೆ ಅದನ್ನು ಪೂರಾ ಎತ್ತಲಾರದು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೆ ಬೇಡವೆ ಎಂಬುದರಲ್ಲಿ ಚಾಲಕರಿಗೂ ಯಜಮಾನರಿಗೂ ಜಗಳವಾಗುವುದನ್ನು ಕೇಳಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಗಿಡದ ಗುಣಿಗೆ ಕೋಲನ್ನು ಅದುಮಿ ಗಟ್ಟಿ ತಳ ಸಿಕ್ಕುವವರೆಗೆ ಅಳೆಯಬೇಕು, ಏಕೆಂದರೆ ಸಡಿಲಗೊಂಡ ಮಣ್ಣು ಬೇರಿಗೆ ಹಿತವೇ. ಕಲ್ಲುಕಂಬದ ಗುಣಿಯಲ್ಲಿ ಈ ಲೆಕ್ಕ ಸಲ್ಲದು. ಏಳಡಿಯ ಕಂಬಕ್ಕೆ ಎರಡಡಿ ನೆಲದೊಳಗೆ ಸಾಕು. ಯಂತ್ರವು ಸುಲಭವಾಗಿ ಇಳಿಯಿತೆಂದು ಮೂರಡಿ ಕೊರೆದು, ಅಡಿಗೆ ಮತ್ತೆ ಸಡಿಲ ಮಣ್ಣನ್ನೇ ನೂಕಿ ಕಂಬ ನಿಲ್ಲಿಸಿದರೆ, ಮೊದಲ ಮಳೆಗೆ ಕಂಬ ಕುಸಿಯುತ್ತದೆ, ತಂತಿ ಜೋಲುತ್ತದೆ. ಹೆಚ್ಚು ಕೊರೆದದ್ದಾದರೆ ಜಲ್ಲಿ ಹಾಕಿ ದಿಮ್ಮಸಿನಿಂದ ಗಟ್ಟಿಮಾಡಿಯೇ ಕಂಬವನ್ನು ಇಳಿಸತಕ್ಕದ್ದು.

ಇನ್ನು ಬಾಡಿಗೆಯ ಕರಾರಿನ ಮಾತು. ನಾನು ಈ ಲೇಖನವನ್ನು ಬರೆಯಲು ತೊಡಗಿದ್ದೇ ಇದಕ್ಕಾಗಿ. ಈಗ ಬಹುತೇಕ ಕಡೆ ಗುಣಿಗೆ ಇಷ್ಟೆಂದು ಮಾತಾಗುತ್ತದೆ. ಆಳದ ಮಾತು “ಮೂರಡಿ ಅಂದ್ಕೊಳ್ಳಿ” ಎಂಬಲ್ಲಿಗೆ ಮುಗಿಯುತ್ತದೆ. ಕೊನೆಯ ಆರು ಅಂಗುಲ ಕೊರೆಯಲು ಮೊದಲಿನ ಒಂದಡಿಗಿಂತ ಹೆಚ್ಚು ಹೊತ್ತೂ ಹೆಚ್ಚು ಡೀಸೆಲೂ ಬೇಕು. ಗುಣಿಯ ಲೆಕ್ಕದಲ್ಲಿ ಹಣ ಪಡೆಯುವವನಿಗೆ ಆ ಆರು ಅಂಗುಲವನ್ನು ಬಿಟ್ಟುಬಿಡುವುದರಲ್ಲಿಯೇ ಲಾಭ. ಇದು ಆತನ ದುಷ್ಟತನವೆಂದು ನಾನು ಹೇಳುವುದಿಲ್ಲ. ಕರಾರೇ ಆತನನ್ನು ಹಾಗೆ ನಡೆಸುತ್ತದೆ. ಗಂಟೆಯ ಲೆಕ್ಕಕ್ಕೆ ಹೋದರೆ ಆಳವೇನೋ ಬರುತ್ತದೆ, ಆದರೆ ಒಂದೊಂದು ಗುಣಿಗೂ ಆಗುವ ಖರ್ಚು ಯಜಮಾನರ ಕೈಮೀರುತ್ತದೆ. ಹಿಂದೆ ಮಣ್ಣು ಕೆಲಸದವರು ತೋಡಿದ ಹಳ್ಳದ ನಡುವೆ ಅಳತೆಗಾಗಿ ಮಣ್ಣಿನ ಕಂಬವೊಂದನ್ನು ಹಾಗೆಯೇ ಉಳಿಸಿ, ಅದನ್ನು ಅಳೆದು ಕೂಲಿ ಪಡೆಯುತ್ತಿದ್ದರು. ಆ ಸಾಕ್ಷಿಯು ಇಬ್ಬರಿಗೂ ಹಿತವಾಗಿತ್ತು. ಯಂತ್ರದ ಗುಣಿಯಲ್ಲಿ ಅಂತಹ ಸಾಕ್ಷಿಯಿಲ್ಲ.

ಗುಣಿಯ ಲೆಕ್ಕವೇ ಇರಲಿ, ಆದರೆ ಆಳವನ್ನು ಕಾಗದದ ಮೇಲೆ ಬರೆದು, ಅಳೆದು ಎಣಿಸಿದ ಗುಣಿಗಳಿಗೆ ಮಾತ್ರ ಹಣ ಕೊಡತಕ್ಕದ್ದೆಂಬುದು ನನ್ನ ಸೂಚನೆ. ಮೊರಂಬೋ ಬಂಡೆಯೋ ಅಡ್ಡ ಬಂದು ಆಳ ಹೊರಡದ ಗುಣಿಗಳಿಗೆ ಮೊದಲೇ ಬೇರೆ ದರವನ್ನು ಒಪ್ಪಿಕೊಂಡಿರಬೇಕು. ಬಂಡೆಯನ್ನು ಚಾಲಕನು ತಂದು ಹೂತಿಲ್ಲವಷ್ಟೆ. ಅಂತಹ ಗುಣಿಯನ್ನು ಒಂದೆರಡು ಅಡಿ ಪಕ್ಕಕ್ಕೆ ಸರಿಸಬೇಕೋ, ಹಾರೆಯಿಂದ ಮುಂದುವರಿಸಬೇಕೋ ಎಂಬುದನ್ನು ಯಜಮಾನರೇ ಅಲ್ಲಿ ನಿಂತು ಹೇಳಬೇಕು. ಒಬ್ಬೊಬ್ಬರೇ ಹೀಗೆ ಕೇಳಿದರೆ ಚಾಲಕರು ಪಕ್ಕದ ಹೊಲಕ್ಕೆ ಹೋಗಿಬಿಡುತ್ತಾರೆಂಬ ಅಂಜಿಕೆ ನ್ಯಾಯವಾದದ್ದೇ. ಆದಕಾರಣ ಗ್ರಾಮದ ಯಜಮಾನರೂ ಮುಖಂಡರೂ ಸೇರಿ ಊರಿಗೆಲ್ಲ ಒಂದೇ ಕರಾರೆಂದು ಗೊತ್ತುಮಾಡುವುದು ಲೇಸು. 2014-15ರಿಂದ ಕೃಷಿ ಯಂತ್ರಧಾರೆಯೆಂಬ ಹೆಸರಿನಲ್ಲಿ ಹೋಬಳಿಗಳಲ್ಲಿ ಏರ್ಪಟ್ಟ ಬಾಡಿಗೆ ಕೇಂದ್ರಗಳಿಂದ ಯಂತ್ರ ತರುವವರೂ ಇದೇ ಮಾತನ್ನು ಕೇಳಬಹುದು. ಅಂಗುಲದ ಗುರುತು ಹಾಕಿದ ನಾಲ್ಕಡಿಯ ಕೋಲನ್ನು ಊರಿನ ಬಡಗಿಯಿಂದ ಮಾಡಿಸಿ ಸಹಕಾರ ಸಂಘದಲ್ಲಿಯೋ ಪಂಚಾಯಿತಿಯಲ್ಲಿಯೋ ಇಡಿಸಿದರೆ ಅಳತೆಯ ವಿವಾದವೇ ಹುಟ್ಟದು.

ಯಂತ್ರದ ಗುಣಿಯೇ ಕೆಟ್ಟದ್ದು, ಕೈಗುಣಿಯೇ ಶ್ರೇಷ್ಠವೆನ್ನುವ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೂರಡಿ ಚೌಕದ ಮೂರಡಿ ಆಳದ ಕೈಗುಣಿಯಿಂದ 27 ಘನ ಅಡಿ ಮಣ್ಣು ಸಡಿಲವಾಗುತ್ತದೆ. ಎರಡಡಿ ವ್ಯಾಸದ ಬೈರಿಗೆಯಿಂದ ಅಷ್ಟೇ ಆಳಕ್ಕೆ ಕೊರೆದರೆ ಸಡಿಲವಾಗುವುದು ಒಂಬತ್ತೂವರೆ ಘನ ಅಡಿಗಿಂತ ಕಡಮೆ. ಒಂದೂವರೆ ಅಡಿಯ ಬೈರಿಗೆಯಾದರೆ ಸುಮಾರು ಐದೂಕಾಲು. ಅಗಲದಲ್ಲಿ ಇಷ್ಟು ಕಳೆದುಕೊಂಡ ಮೇಲೆ ಆಳದಲ್ಲಿಯೂ ಕಳೆದುಕೊಳ್ಳುವುದು ಯಾವ ನ್ಯಾಯ? ತೆಂಗಿಗೆ ಯಂತ್ರದ ಗುಣಿಯನ್ನು ಮೊದಲ ದಾರಿಯೆಂದು ಎಣಿಸಿ, ಆಮೇಲೆ ಬದಿಗಳನ್ನು ಗುದ್ದಲಿಯಿಂದ ಅಗಲಿಸುವುದು ಉತ್ತಮ. ಆಳವು ಸರಿಯಾಗಿದ್ದರೆ ಅಗಲಿಸುವ ಕೆಲಸಕ್ಕೆ ಹೆಚ್ಚು ಆಳು ಬೇಡ. ಜಿಗುಟು ಮಣ್ಣು ಹಸಿಯಾಗಿರುವಾಗ ಕೊರೆದರೆ ಗುಣಿಯ ಒಳಮೈ ಕುಂಬಾರನ ಮಡಕೆಯಂತೆ ನುಣುಪಾಗಿ ಬಿಗಿದುಕೊಳ್ಳುವುದು ಇನ್ನೊಂದು ದೋಷ; ಎಳೆಯ ಬೇರು ಅದನ್ನು ಭೇದಿಸಲಾರದೆ ಒಳಗೇ ಸುತ್ತುತ್ತದೆ, ನೀರೂ ಹೊರಕ್ಕೆ ಇಂಗದು. ಹಾರೆಯ ಮೊನೆಯಿಂದ ಸುತ್ತಲೂ ಗೀಚಿ ಆ ಬಿಗಿಯನ್ನು ಒಡೆಯಿಸಬೇಕು.

ಆಳದ ಆಸೆಯಿಂದ ನಡೆಯುವ ಒಂದು ಅಕೃತ್ಯವನ್ನು ಮಾತ್ರ ಗ್ರಾಮದ ಯಜಮಾನರು ಕಂಡಲ್ಲಿ ನಿಲ್ಲಿಸಬೇಕೆಂದು ಬೇಡುತ್ತೇನೆ. ಬೈರಿಗೆ ಗಟ್ಟಿನೆಲದಲ್ಲಿ ಇಳಿಯದಿದ್ದಾಗ ಅದರ ಮೇಲಿನ ತೊಲೆಯನ್ನು ಆಳುಗಳು ಕೈಯಿಂದ ಅದುಮುವುದು, ಹತ್ತಿ ನಿಲ್ಲುವುದು, ಹುಡುಗರನ್ನು ಕೂರಿಸುವುದು ನಡೆದುಬಂದಿದೆ. ಟ್ರ್ಯಾಕ್ಟರಿನ ಪಿ.ಟಿ.ಓ. ದಂಡವು ನಿಮಿಷಕ್ಕೆ 540 ಸುತ್ತು ಸುತ್ತತಕ್ಕದ್ದು. ಪಂಚೆಯ ಅಂಚು, ಹೆಗಲ ಮೇಲಿನ ಟವೆಲ್ಲು, ಸೀರೆಯ ಸೆರಗು ಒಮ್ಮೆ ಅದಕ್ಕೆ ಸಿಕ್ಕಿದರೆ ಕೂಗುವುದಕ್ಕೂ ಅವಕಾಶವಿರುವುದಿಲ್ಲ. ಇಳಿಯದ ನೆಲವನ್ನು ಹಾರೆಯಿಂದ ಸಡಿಲಿಸಬೇಕು, ಅಥವಾ ಹಿಂದಿನ ದಿನ ನೀರು ಹಾಕಿ ನೆನೆಯಿಸಬೇಕು, ಇಲ್ಲವೆ ಎರಡಡಿಗೇ ತೃಪ್ತಿಪಡಬೇಕು. ಬೈರಿಗೆ ತಿರುಗುತ್ತಿರುವಷ್ಟು ಹೊತ್ತು ಅದರ ಸುತ್ತ ಎರಡಾಳುದ್ದದೊಳಗೆ ಯಾರೂ ಬರಕೂಡದು. ಅಳತೆಯ ಕೋಲನ್ನು ಇಳಿಸುವುದೂ ಅದು ಪೂರಾ ನಿಂತು ಪಕ್ಕಕ್ಕೆ ಸರಿದ ಮೇಲೆಯೇ.

ಕೊರೆದ ಗುಣಿಗಳನ್ನು ಬಿಸಿಲು ಗಾಳಿಗಳಿಗೆ ಕೆಲವು ವಾರ ಬಿಡುವುದು ಒಳ್ಳೆಯದಾದ್ದರಿಂದ ಮುಂಗಾರಿಗೆ ಮೊದಲೇ ಕೆಲಸ ಮಾಡಿಸುವವರು ಬಹಳ. ಮೂರಡಿಯ ಕಿರಿದಾದ ಗುಣಿಯಿಂದ ಮಗುವಾಗಲಿ ಕುರಿಮರಿಯಾಗಲಿ ತಾನಾಗಿ ಏರಿ ಬರಲಾರದು. ಊರಿಗೂ ಕಾಲುದಾರಿಗೂ ಹತ್ತಿರವಿರುವ ಸಾಲುಗಳ ಬಾಯಿಗೆ ಸಂಜೆಯೊಳಗೆ ಜಾಲಿಯ ಮುಳ್ಳನ್ನು ಎಳೆಯಿಸಿ ಮೇಲೊಂದು ಕಲ್ಲು ಹೇರಿಸಿರಬೇಕು.